ಹಾಯಿದೋಣಿಯಲ್ಲೊಂದು ಕೋವಿ

ಈ ಬ್ಲಾಗಿಗೆ ಜೇಡ ಬಲೆ ಕಟ್ಟಿ ನಾಲ್ಕು ತಿಂಗಳಾಯ್ತು. ಬರೆಯದೇ ಇದ್ದದ್ದಕ್ಕೆ ಕಾರಣವೇನಿಲ್ಲ, ಮಾಮೂಲಿ ಸೋಮಾರಿತನ. ಇವತ್ತು ಬರೆಯಲು ಕೂತದ್ದಕ್ಕೆ ಮಾತ್ರ ಕಾರಣ ಇದೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದಾರೆ. ಎಷ್ಟೋ ವರ್ಷದಿಂದ ಒಂದೇ ಪ್ರಾಜೆಕ್ಟು, ಎದುರಾಎದುರು ನೋಡಿದ್ದು ಎರಡೇ ಸಲ. ಬರುವ ವರ್ಷ ಅವರ ನಿವೃತ್ತಿ. ಆಮೇಲೆ ಗಂಡ ಹೆಂಡತಿ ಇಬ್ಬರೇ 38 ಅಡಿ ಉದ್ದದ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಲು ಹೊರಡುತ್ತಾರಂತೆ. ಮೆಕ್ಸಿಕೋ, ಅಲ್ಲಿಂದ ಪೆಸಿಫಿಕ್ ದಾಟಿ ಫ್ರೆಂಚ್ ಪಾಲಿನೇಷ್ಯಾ, ಟೋಂಗಾ, ನ್ಯೂಜಿಲೆಂಡ್. ಮೂರನೇ ವರ್ಷಕ್ಕೆ ನಮ್ಮ ಕಡೆಯ ಸಮುದ್ರ. ಮೊನ್ನೆ ಒಂದು ಕಾಲ್‌ನಲ್ಲಿ ಉಳಿದವರೆಲ್ಲ ಸೇರುವುದಕ್ಕೆ ಮುಂಚೆ ಕೇಳಿದರು: "ನೀನು ಸಮುದ್ರದ ಪಕ್ಕ ಹುಟ್ಟಿದವನಲ್ವಾ, ಒಂದು ವಿಷಯ ಹೇಳು. ದೋಣಿಯಲ್ಲಿ ಗನ್ ಇಟ್ಕೊಳ್ಳಲಾ, ಬೇಡ್ವಾ? ನನಗೆ ಬೇಕು ಅನ್ಸುತ್ತೆ, ಹೆಂಡತಿ ಬೇಡ ಅಂತಾಳೆ."

ಸಮುದ್ರದ ಪಕ್ಕ ಹುಟ್ಟಿದ್ದೇನೋ ಹೌದು. ಆದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಅರ್ಧ ಗಂಟೆಯ ಬೋಟಿನಲ್ಲೇ ವಾಂತಿ ಮಾಡಿಕೊಂಡವನು ನಾನು. ಇಂಥವನ ಹತ್ತಿರ ಸಾಗರಯಾನದ ಸಲಹೆ! ನಕ್ಕು, ಯೋಚನೆ ಮಾಡಿ ಹೇಳ್ತೀನಿ ಅಂದೆ. ಆ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಒಂದು ತಿಂಗಳು ಸಿಕ್ಕಿದ್ದೆಲ್ಲ ಓದಿದೆ, ಊರಿಗೆ ಹೋದಾಗ ಗೊತ್ತಿದ್ದವರನ್ನು ಕೇಳಿದೆ. ಈಗ ನನಗೊಂದು ಅಭಿಪ್ರಾಯ ಬಂದಿದೆ. ನಿಮ್ಮ ಮುಂದೆ ಇಡ್ತೀನಿ, ಜಗಳ ಆಡುವವರು ಆಡಬಹುದು :)

ಮೊದಲೇ ಹೇಳಿಬಿಡ್ತೀನಿ, ನಾನು ಕೋವಿ ಕಂಡರೆ ಹೆದರುವ ಪೈಕಿ ಅಲ್ಲ. ನನ್ನ ಅಮ್ಮನ ತವರು ಘಟ್ಟದ ಬುಡದಲ್ಲಿ. ಅಜ್ಜನ ಮನೆ ಜಗಲಿಯ ಗೋಡೆಯಲ್ಲಿ ಒಂದು ಕೋವಿ ಯಾವಾಗಲೂ ನೇತಾಡುತ್ತಿತ್ತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದದ್ದು. ಮಂಗ ಓಡಿಸಲು ಆಕಾಶಕ್ಕೆ ಹೊಡೆಯುವ ಸದ್ದು ಕೇಳಿಕೊಂಡೇ ನಾವು ರಜೆ ಕಳೆದವರು. ಚುನಾವಣೆ ಬಂತೆಂದರೆ ಅಜ್ಜ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಸಿ ರಶೀದಿ ತರುತ್ತಿದ್ದರು. ಮಲೆನಾಡು, ಕೊಡಗು, ಕರಾವಳಿಯ ಒಳಭಾಗದವರಿಗೆಲ್ಲ ಈ ಸಂಭ್ರಮ ಗೊತ್ತಿರುತ್ತದೆ. ಈ ಅಜ್ಜ ಮತ್ತೆ ಬರ್ತಾರೆ, ನೆನಪಿಟ್ಟುಕೊಳ್ಳಿ.

ಈಗ ಗನ್ ಬೇಕು ಅನ್ನುವವರ ಮಾತು. ಅದು ತಳ್ಳಿಹಾಕುವಂಥದ್ದಲ್ಲ. ನಡುಸಮುದ್ರದಲ್ಲಿ 112 ಇಲ್ಲ. ವಿಎಚ್‌ಎಫ್ ರೇಡಿಯೋ ಸಣ್ಣ ದೋಣಿಯಿಂದ ಇಪ್ಪತ್ತು ಮೈಲಿ ಮುಟ್ಟಿದರೆ ಹೆಚ್ಚು. ಉಪಗ್ರಹ ಫೋನಿನಲ್ಲಿ ಸುದ್ದಿ ಮುಟ್ಟಿಸಬಹುದು, ಆದರೆ ಕೇಳಿದವನು ಬರಲು ದಿನಗಟ್ಟಲೆ ಬೇಕು. ಹಾಯಿದೋಣಿಯ ಓಟ ಗಂಟೆಗೆ ಐದಾರು ನಾಟ್, ಅಂದರೆ ನಮ್ಮೂರಿನ ಸೈಕಲ್ಲಿಗಿಂತ ನಿಧಾನ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಅಂಥಲ್ಲಿ ಅರವತ್ತು ದಾಟಿದ ಇಬ್ಬರು, ಕೈಯಲ್ಲಿ ಏನೂ ಇಲ್ಲದೆ ಕೂತಿರಬೇಕು ಅಂತ ದಡದಲ್ಲಿ ಕಾಫಿ ಕುಡಿಯುವ ನಾನು ಹೇಳುವುದು ಸುಲಭ.

ಗನ್ ಪರ ಇರುವವರು ತಪ್ಪದೇ ಹೇಳುವ ಕಥೆ 2005ರ ಮಾರ್ಚ್ 8ರದ್ದು. ಮಹದಿ ಮತ್ತು ಗ್ಯಾಂಡಾಲ್ಫ್ ಎಂಬ ಎರಡು ಅಮೆರಿಕನ್ ಹಾಯಿದೋಣಿಗಳು ಒಮಾನಿನ ಸಲಾಲಾದಿಂದ ಏಡನ್ ಕಡೆಗೆ ಜೊತೆಯಾಗಿ ಹೋಗುತ್ತಿದ್ದವು. ಯೆಮನ್ ಕರಾವಳಿಯ ಆಚೆ ದೋಣಿಗಳಲ್ಲಿ ಬಂದವರು ನೇರ ಗುಂಡು ಹಾರಿಸತೊಡಗಿದರು. ಒಂದು ದೋಣಿಯ ಯಜಮಾನ ಶಾಟ್‌ಗನ್ನಿನಿಂದ ತಿರುಗಿ ಹೊಡೆದ, ಇನ್ನೊಬ್ಬ ತನ್ನ ದೋಣಿಯನ್ನೇ ತಿರುಗಿಸಿ ಕಳ್ಳರ ದೋಣಿಗೆ ಗುದ್ದಿಸಿದ. ಇಬ್ಬರೂ ಬದುಕಿ ಬಂದರು. ಇದು ನಡೆದದ್ದು ನಿಜ. ಆವತ್ತು ಆ ಶಾಟ್‌ಗನ್ ಇಲ್ಲದಿದ್ದರೆ ಏನಾಗುತ್ತಿತ್ತೋ. ನನ್ನ ವಾದಕ್ಕೆ ಒಗ್ಗುವುದಿಲ್ಲ ಅಂತ ಇದನ್ನು ಮುಚ್ಚಿಡಲಾರೆ.

ಎರಡೂ ಕಡೆಯವರು ಹೇಳುವ ಇನ್ನೊಂದು ಕಥೆ ಪೀಟರ್ ಬ್ಲೇಕ್‌ರದ್ದು. ಕ್ರಿಕೆಟ್ ಬಿಟ್ಟು ಬೇರೆ ಆಟದ ಸುದ್ದಿ ಓದುವವರಿಗೆ ಹೆಸರು ಕೇಳಿ ಗೊತ್ತಿರಬಹುದು. ನ್ಯೂಜಿಲೆಂಡಿನವರು, ಹಾಯಿದೋಣಿ ಲೋಕದಲ್ಲಿ ನಮ್ಮ ತೆಂಡೂಲ್ಕರ್ ಇದ್ದಂತೆ. 1989-90ರಲ್ಲಿ ಪ್ರಪಂಚ ಸುತ್ತುವ ವಿಟ್‌ಬ್ರೆಡ್ ರೇಸ್ ಗೆದ್ದರು. 1995ರಲ್ಲಿ ಅಮೆರಿಕಾಸ್ ಕಪ್ಪನ್ನು ಮೊದಲ ಬಾರಿಗೆ ನ್ಯೂಜಿಲೆಂಡಿಗೆ ತಂದ ತಂಡದ ನಾಯಕ ಇವರೇ, 2000ದಲ್ಲಿ ಅದನ್ನು ಉಳಿಸಿಕೊಂಡರು ಕೂಡ. ಅವರ ಅದೃಷ್ಟದ ಕೆಂಪು ಕಾಲುಚೀಲ ಎಷ್ಟು ಹೆಸರಾಗಿತ್ತೆಂದರೆ 1995ರಲ್ಲಿ ಇಡೀ ದೇಶವೇ ಕೆಂಪು ಕಾಲುಚೀಲ ಕೊಂಡಿತ್ತು.

ರೇಸು ಬಿಟ್ಟ ಮೇಲೆ ಬ್ಲೇಕ್ ಪರಿಸರದ ಕೆಲಸಕ್ಕೆ ಇಳಿದರು. ಸೀಮಾಸ್ಟರ್ ಎಂಬ ಅಲ್ಯೂಮಿನಿಯಂ ಹಡಗಿನಲ್ಲಿ ಅಮೆಜಾನ್ ಒಳಗೆ ಹೋಗಿ ವಾಪಸು ಬರುವಾಗ, 2001ರ ಡಿಸೆಂಬರ್ 5ರ ರಾತ್ರಿ, ಬ್ರೆಜಿಲಿನ ಮಕಾಪಾ ಹತ್ತಿರ ನದೀಮುಖದಲ್ಲಿ ಲಂಗರು ಹಾಕಿದ್ದರು. ಮುಖ ಮುಚ್ಚಿಕೊಂಡ ಕಳ್ಳರು ರಬ್ಬರ್ ದೋಣಿಯಲ್ಲಿ ಬಂದು ಹಡಗು ಹತ್ತಿದರು. ಬ್ಲೇಕ್ ಕೆಳಗೆ ಓಡಿ ರೈಫಲ್ ತಂದು ಹೊಡೆದರು. ಒಬ್ಬನ ಕೈಗೆ ಗುಂಡು ತಾಗಿತು. ಆಮೇಲೆ ರೈಫಲ್ ಜಾಮ್ ಆಯಿತು. ಕಳ್ಳರು ಹೊಡೆದ ಗುಂಡು ಬೆನ್ನಿಗೆ ಬಿತ್ತು. ಅಲ್ಲೇ ಹೋದರು, 53ನೇ ವಯಸ್ಸಿನಲ್ಲಿ. ಕಳ್ಳರು ಕೊಂಡುಹೋದದ್ದು ದೋಣಿಯ ಔಟ್‌ಬೋರ್ಡ್ ಎಂಜಿನ್ನು, ಕ್ಯಾಮೆರಾ, ಕೈಗಡಿಯಾರ. ಕೊಂದವರು ಸಿಕ್ಕಿಬಿದ್ದು ಜೈಲಿಗೆ ಹೋದರು, ಅದು ಬೇರೆ ಮಾತು.

ಗನ್ ಬೇಡ ಅನ್ನುವವರು ನೋಡಿ, ಗನ್ ಇದ್ದದ್ದಕ್ಕೇ ಸತ್ತರು ಅಂತಾರೆ. ಬೇಕು ಅನ್ನುವವರು, ಗನ್ ಜಾಮ್ ಆದದ್ದಕ್ಕೆ ಸತ್ತರು ಅಂತಾರೆ. ನನಗೆ ಇಬ್ಬರ ಮಾತೂ ಅತಿಯಾಯಿತು ಅನ್ನಿಸುತ್ತದೆ. ತನ್ನ ಹಡಗಿನ ಹುಡುಗರನ್ನು ಕಾಪಾಡಲು ಓಡಿದ ಮನುಷ್ಯನನ್ನು ದಡ್ಡ ಅಂತ ಕರೆಯಲು ನನ್ನಿಂದಾಗುವುದಿಲ್ಲ. ನನಗೆ ಕಾಣುವುದು ಇಷ್ಟೇ: ಇಡೀ ಜೀವನ ಸಮುದ್ರದಲ್ಲಿ ಕಳೆದ, ಸುತ್ತ ಹತ್ತಾರು ಜನ ಇದ್ದ ಮನುಷ್ಯನಿಗೇ ಗನ್ ತರಲು ಕೆಳಗೆ ಓಡಬೇಕಾಯಿತು, ತಂದದ್ದು ಕೈಕೊಟ್ಟಿತು. ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ. ನಮ್ಮನೆ ಕಿಟಕಿಯ ಸರಳನ್ನು ನೋಡಿದರೆ ಸಾಕು. ಅದಕ್ಕಂತಲೇ ತುಕ್ಕು ಹಿಡಿಯದ ಲೇಪನದ ಶಾಟ್‌ಗನ್ನುಗಳು ಸಿಗುತ್ತವೆ, ಮಾಸ್‌ಬರ್ಗ್ ಕಂಪನಿಯ ಒಂದಕ್ಕೆ ಮ್ಯಾರಿನರ್ ಅಂತಲೇ ಹೆಸರು. ಆದರೂ ವಾರಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕುವ ನಿವೃತ್ತ ದಂಪತಿ ಎಷ್ಟು ಮಂದಿ ಇರ್ತಾರೆ?

ನಡುವೆ ಒಂದು ತಮಾಷೆ ವಿಷಯ. ಒಬ್ಬಂಟಿಯಾಗಿ ದೋಣಿಯಲ್ಲಿ ಪ್ರಪಂಚ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್. 1895ರಲ್ಲಿ ಹೊರಟು 1898ರಲ್ಲಿ ಮರಳಿದವರು. ಅವರ ಬಳಿ ಬಂದೂಕೂ ಇತ್ತು. ಆದರೆ ಅವರು ಹೆಸರಾದದ್ದು ಬಂದೂಕಿನಿಂದಲ್ಲ, ಮೊಳೆಯಿಂದ. ದಕ್ಷಿಣ ಅಮೆರಿಕದ ತುದಿಯಲ್ಲಿ ರಾತ್ರಿ ಹೊತ್ತು ದೋಣಿ ಹತ್ತುವವರಿದ್ದಾರೆ ಅಂತ ಪುಂಟಾ ಅರೆನಾಸ್‌ನಲ್ಲಿ ಒಬ್ಬರು ಅವರಿಗೆ ಜಮಖಾನಕ್ಕೆ ಹೊಡೆಯುವ ಸಣ್ಣ ಮೊಳೆಗಳ ಚೀಲ ಕೊಟ್ಟರಂತೆ. ಮಲಗುವ ಮುಂಚೆ ಅದನ್ನು ಡೆಕ್ಕಿನ ಮೇಲೆ ಚೆಲ್ಲಿ ಮಲಗಿದರು. ರಾತ್ರಿ ಬರಿಗಾಲಲ್ಲಿ ಹತ್ತಿದವರು ಕೂಗಿಕೊಂಡು ನೀರಿಗೆ ಹಾರಿದರು. ಸ್ಲೋಕಮ್ ಡೆಕ್ಕಿಗೆ ಬಂದು ಕೆಲವು ಗುಂಡು ಹಾರಿಸಿ ಮತ್ತೆ ಮಲಗಿದರು. ಈಗಿನ ಕಳ್ಳರು ಚಪ್ಪಲಿ ಹಾಕಿರ್ತಾರೆ ಅನ್ನೋದೊಂದೇ ಕಷ್ಟ.

ಇನ್ನು ಕಾನೂನು. ಇದನ್ನು ಬೇಗ ಮುಗಿಸ್ತೀನಿ, ಯಾಕಂದ್ರೆ ಓದಿ ನನಗೇ ತಲೆನೋವು ಬಂತು. ಅಂತರರಾಷ್ಟ್ರೀಯ ಸಮುದ್ರದಲ್ಲಿ ದೋಣಿ ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶದ ಕಾನೂನು. ಬಂದರಿಗೆ ಬಂದ ಕೂಡಲೇ ಆ ಬಂದರಿನ ಕಾನೂನು. ಅಮೆರಿಕದಲ್ಲಿ ಅಂಗಡಿಯಿಂದ ಕೊಂಡ ಶಾಟ್‌ಗನ್ನನ್ನು ಅನುಮತಿ ಇಲ್ಲದೆ ಮೆಕ್ಸಿಕೋಗೆ ತಂದರೆ ಅದು ನೇರ ಜೈಲಿನ ವಿಷಯ. ಎಷ್ಟೋ ದೇಶಗಳಲ್ಲಿ ಕಸ್ಟಮ್ಸಿನವರಿಗೋ ಪೊಲೀಸರಿಗೋ ಒಪ್ಪಿಸಬೇಕು, ಹೊರಡುವಾಗ ಪಡೆದುಕೊಳ್ಳಬೇಕು. ಥೇಟು ನಮ್ಮಜ್ಜನ ಚುನಾವಣೆ ರಶೀದಿ! ಎಡವಟ್ಟು ಏನೆಂದರೆ, ಒಂದು ಬಂದರಿನಲ್ಲಿ ಒಪ್ಪಿಸಿದ್ದನ್ನು ಮುನ್ನೂರು ಮೈಲಿ ಆಚೆಯ ಇನ್ನೊಂದು ಬಂದರಿನಿಂದ ಹೊರಡುವಾಗ ಹೇಗೆ ಪಡೆಯುವುದು? ಇನ್ನೂ ಒಂದು. ದೋಣಿಗಳು ಕಳ್ಳತನಕ್ಕೆ ಗುರಿಯಾಗುವುದು ಹೆಚ್ಚಾಗಿ ದಡದ ಹತ್ತಿರ ಲಂಗರು ಹಾಕಿದಾಗ. ಆ ಹೊತ್ತಿಗೆ ಗನ್ ಠಾಣೆಯ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಹೇಳದೇ ಬಚ್ಚಿಟ್ಟರೆ? ಸಿಕ್ಕಿಬಿದ್ದರೆ ದೋಣಿಯೂ ಹೋಯಿತು, ನೀವೂ ಒಳಗೆ.

ನಮ್ಮ ದೇಶದಲ್ಲೇ ಏನಾಯ್ತು ನೋಡಿ. 2013ರ ಅಕ್ಟೋಬರಿನಲ್ಲಿ ಸೀಮನ್ ಗಾರ್ಡ್ ಒಹಾಯೋ ಅನ್ನುವ ಹಡಗನ್ನು ನಮ್ಮ ಕರಾವಳಿ ಕಾವಲು ಪಡೆ ಹಿಡಿದು ತೂತುಕುಡಿಗೆ ತಂದಿತು. ಅದು ವ್ಯಾಪಾರಿ ಹಡಗುಗಳಿಗೆ ಕಡಲ್ಗಳ್ಳರಿಂದ ರಕ್ಷಣೆ ಕೊಡುವ ಅಮೆರಿಕದ ಕಂಪನಿಯೊಂದರ ಹಡಗು, ಅಂದರೆ ಗನ್ ಹಿಡಿಯುವುದೇ ಕಸುಬು. ಇದ್ದವರು 35 ಮಂದಿ: ಬ್ರಿಟಿಷರು, ಎಸ್ಟೋನಿಯಾದವರು, ಉಕ್ರೇನಿನವರು, ಭಾರತೀಯರು. ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸು ಬಿತ್ತು. 2016ರ ಜನವರಿಯಲ್ಲಿ ಐದು ವರ್ಷ ಶಿಕ್ಷೆ. 2017ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಎಲ್ಲರನ್ನೂ ಬಿಡುಗಡೆ ಮಾಡಿತು. ನಿರಪರಾಧಿ ಅನ್ನಿಸಿಕೊಳ್ಳಲು ನಾಲ್ಕು ವರ್ಷ! ಕಂಪನಿ, ವಕೀಲರು, ರಾಯಭಾರ ಕಚೇರಿ ಎಲ್ಲ ಹಿಂದೆ ಇದ್ದವರ ಕಥೆ ಇದು. ಗಂಡ ಹೆಂಡತಿ ಇಬ್ಬರೇ ಹೋಗುವವರ ಗತಿ?

ಇಷ್ಟಾದರೂ, ಕಾನೂನಿನ ತೊಡಕು ನನ್ನ ನಿಜವಾದ ತಕರಾರಲ್ಲ. ಕಾಗದಪತ್ರ ಸರಿಯಾಗಿ ಇಟ್ಟುಕೊಂಡು, ಒಪ್ಪಿಸಿ, ಪಡೆದು, ವರ್ಷಗಟ್ಟಲೆ ಗನ್ ಜೊತೆಗೆ ಸುತ್ತಿದವರೂ ಇದ್ದಾರೆ. ಸ್ವಾಲ್ಬಾರ್ಡ್ ಕಡೆಗೆ ಹೋಗುವವರು ಹಿಮಕರಡಿ ಓಡಿಸಲು ರೈಫಲ್ ಒಯ್ಯುತ್ತಾರೆ, ಅಲ್ಲಿನ ಆಡಳಿತವೇ ಒಯ್ಯಿ ಅನ್ನುತ್ತದೆ. ಅದರ ಬಗ್ಗೆ ನನಗೇನೂ ತಕರಾರಿಲ್ಲ. ಕರಡಿ ಯಾವುದು, ಮನುಷ್ಯ ಯಾರು ಅಂತ ಗೊಂದಲ ಆಗುವುದಿಲ್ಲವಲ್ಲ.

ಗೊಂದಲ ಆಗುವುದು ನಮ್ಮ ಸಮುದ್ರದಲ್ಲಿ.

ಲೆಕ್ಕ ಹಾಕಿ. ಕಳ್ಳರ ದೋಣಿ ಗಂಟೆಗೆ 25 ನಾಟ್ ಓಡುತ್ತದೆ. ಒಂದು ನಾಟಿಕಲ್ ಮೈಲಿ ದೂರದಲ್ಲಿ ಕಂಡರೆ ಎರಡೂವರೆ ನಿಮಿಷದಲ್ಲಿ ಪಕ್ಕದಲ್ಲಿರುತ್ತದೆ. ಅವರ ಕೈಯಲ್ಲಿ ಎಕೆ-47 ಇದ್ದರೆ, ಫೈಬರಿನ ದೋಣಿಯ ಗೋಡೆ ಅದನ್ನು ತಡೆಯುವುದಿಲ್ಲ. ಪಕ್ಕಕ್ಕೆ ಬಂದ ಮೇಲೆ ಗನ್ ತೆಗೆದರೆ ಬ್ಲೇಕ್‌ಗೆ ಆದದ್ದೇ ನಿಮಗೂ. ಆದ್ದರಿಂದ ಗನ್ ಪ್ರಯೋಜನಕ್ಕೆ ಬರಬೇಕಾದರೆ ದೂರದಲ್ಲಿರುವಾಗಲೇ ತೋರಿಸಬೇಕು, ಬೇಕಾದರೆ ಹೊಡೆಯಬೇಕು. ದೂರದಲ್ಲಿರುವಾಗ ಅವರು ಯಾರು ಅಂತ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹೊಡೆಯುವ ಸಮಯ ಮುಗಿದಿರುತ್ತದೆ. ಈ ಗಂಟನ್ನು ಬಿಡಿಸಿದವರನ್ನು ನಾನಿನ್ನೂ ಎಲ್ಲೂ ಕಾಣಲಿಲ್ಲ.

ಅಜ್ಜನ ಮಾತಿಗೆ ಬರ್ತೀನಿ. ಅಜ್ಜ ಕೋವಿಯನ್ನು ಮಕ್ಕಳ ಕೈಗೆ ಕೊಡುತ್ತಿರಲಿಲ್ಲ, ಆದರೆ ಪಾಠ ಮಾತ್ರ ಎಲ್ಲರಿಗೂ ಹೇಳುತ್ತಿದ್ದರು. ಕತ್ತಲಲ್ಲಿ ಪೊದೆ ಅಲ್ಲಾಡಿದ್ದಕ್ಕೆ ಕೋವಿ ಎತ್ತಬಾರದು. ಹಂದಿ ಅಂತ ಹೊಡೆದದ್ದು ಜೊತೆಯಲ್ಲಿ ಬೇಟೆಗೆ ಬಂದವನಿಗೇ ಬಿದ್ದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಈಗಲೂ ಬರುತ್ತಿರುತ್ತದೆ. ಹೊಡೆದವನು ಕೊಲೆಗಾರನೇನಲ್ಲ, ಹೆದರಿದವನು. ಪೊದೆಯಲ್ಲಿ ಏನೋ ಅಲ್ಲಾಡಿತು, ತೋಳು ತಾನಾಗಿ ಎದ್ದಿತು.

ಸಮುದ್ರದ ಮೇಲೆ ಪೊದೆ ಇಲ್ಲದಿರಬಹುದು, ಆದರೆ ಅಲ್ಲಾಡುವ ಪೊದೆಯ ಹಾಗೆ ಕಾಣುವವರು ನಮ್ಮವರೇ. ನಮ್ಮೂರಿನಲ್ಲಿ ಪಕ್ಕದ ಮನೆಯ ಅಣ್ಣ ಒಬ್ಬರಿದ್ದಾರೆ, ಆಳಸಮುದ್ರದ ಬೋಟಿನಲ್ಲಿ ತಾಂಡೇಲ. ಮೂವತ್ತು ವರ್ಷದ ಅನುಭವ. ಈ ಸಲ ಊರಿಗೆ ಹೋದಾಗ, ಮೀನುಗಾರಿಕೆ ರಜೆಯ ಸಮಯ, ಬಲೆ ಹೆಣೆಯುತ್ತಾ ಕೂತಿದ್ದರು. ಅಮೆರಿಕದವರ ಪ್ರಶ್ನೆ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ, ನಕ್ಕರು. "ಅವ್ರಿಗೆ ನಮ್ಮನ್ನ್ ಕಂಡ್ ಹೆದ್ರಿಕೆಯಾ ಮಾರಾಯ? ನಮ್ಗೆ ಅವ್ರನ್ನ್ ಕಂಡ್ ಹೆದ್ರಿಕೆ" ಅಂದರು. ಆಮೇಲೆ ಕಥೆ ಬಂತು.

ಹತ್ತು ವರ್ಷದ ಹಿಂದೆ ಕಾರವಾರದ ಆಚೆ ಒಂದು ಸಂಜೆ, ಬಲೆ ಬಿಟ್ಟಿದ್ದರಂತೆ. ಮೈಲಿಗಟ್ಟಲೆ ಬಲೆ, ಮೇಲೆ ಸಣ್ಣ ಸಣ್ಣ ತೇಲುಗುಂಡು ಮಾತ್ರ ಕಾಣುವುದು. ದೂರದಲ್ಲೊಂದು ಬಿಳಿ ಹಾಯಿಯ ಫಾರಿನ್ ದೋಣಿ ನೇರ ಬಲೆಯ ಮೇಲೇ ಬರುತ್ತಿದೆ. ಬಲೆ ತುಂಡಾದರೆ ಲಕ್ಷಗಟ್ಟಲೆ ನಷ್ಟ, ಅವರ ಫ್ಯಾನಿಗೆ ಸುತ್ತಿಕೊಂಡರೆ ಅವರೂ ಅಲ್ಲೇ. ವಯರ್‌ಲೆಸ್ಸಿನಲ್ಲಿ ಕೂಗಿದರೆ ಉತ್ತರ ಇಲ್ಲ. ಭಾಷೆಯಾದರೂ ಯಾವುದು? ಎಂಜಿನ್ ಪೂರ್ತಿ ಎಳೆದು ಅವರ ಎದುರಿಗೇ ಬೋಟು ಬಿಟ್ಟರು. ಬಿಸಿಲಿಗೆ ಮುಖಕ್ಕೆಲ್ಲ ಬೈರಾಸು ಸುತ್ತಿಕೊಂಡ ನಾಲ್ಕು ಕಲಾಸಿಗಳು ಮುಂದೆ ನಿಂತು ಕೈ ಬೀಸುತ್ತಾ ಕೂಗುತ್ತಿದ್ದಾರೆ. ಒಬ್ಬನ ಕೈಯಲ್ಲಿ ಮೀನೆಳೆಯುವ ಕೊಕ್ಕೆಯ ಕೋಲು.

ಒಮ್ಮೆ ಆ ದೋಣಿಯಲ್ಲಿ ಕೂತು ಇದನ್ನು ನೋಡಿ. ಮುಖ ಮುಚ್ಚಿಕೊಂಡವರು, ಕೈಯಲ್ಲಿ ಉದ್ದದ್ದೇನೋ, ಅರಚಿಕೊಂಡು ಪೂರ್ತಿ ವೇಗದಲ್ಲಿ ನಿಮ್ಮ ಕಡೆಗೇ. ಕಡಲ್ಗಳ್ಳರ ಬಗ್ಗೆ ಎಚ್ಚರಿಕೆ ಕೊಡುವ ಕಾಗದಗಳಲ್ಲಿ ಬರೆದಿರುವುದೂ ಇದನ್ನೇ.

ಆ ದೋಣಿಯಲ್ಲಿದ್ದ ಬಿಳಿಗಡ್ಡದ ಮುದುಕ ಕೆಳಗೆ ಹೋಗಿ, ಬಟ್ಟೆ ಸುತ್ತಿದ ಉದ್ದದ್ದೊಂದನ್ನು ತಂದು ತೊಡೆ ಮೇಲೆ ಇಟ್ಟುಕೊಂಡನಂತೆ. ನಮ್ಮ ತಾಂಡೇಲರಿಗೆ ಏನನ್ನಿಸಿತೋ, ಎಂಜಿನ್ ಬಂದ್ ಮಾಡಿಸಿದರು. ಬೈರಾಸು ಬಿಚ್ಚಿ ಅಂದರು. ಐಸಿನ ಪೆಟ್ಟಿಗೆಯಿಂದ ದೊಡ್ಡ ಅಂಜಲ್ ಮೀನೊಂದನ್ನು ತೆಗೆದು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದರು. ಸ್ವಲ್ಪ ಹೊತ್ತು ಹಾಗೇ. ಮುದುಕ ಎದ್ದುನಿಂತು ಕೈಯೆತ್ತಿದ. ಬಲೆ ಎಲ್ಲಿದೆ ಅಂತ ಸನ್ನೆಯಲ್ಲಿ ತೋರಿಸಿದ ಮೇಲೆ ದಿಕ್ಕು ಬದಲಿಸಿದ. ಮೀನು ಕೊಟ್ಟರು, ಅವನು ಬಿಸ್ಕತ್ತಿನ ಪ್ಯಾಕೆಟ್ಟು ಎಸೆದ. "ಅದ್ ಕೋವಿಯಾ, ಬರೀ ದೊಣ್ಣೆಯಾ, ಇವತ್ತಿಗೂ ಗೊತ್ತಿಲ್ಲೆ" ಅಂದರು ಅಣ್ಣ.

ಎಲ್ಲರ ಕಥೆಯೂ ಬಿಸ್ಕತ್ತಿನಲ್ಲಿ ಮುಗಿದಿಲ್ಲ. 2012ರ ಫೆಬ್ರವರಿ 15, ಕೇರಳದ ಆಚೆ, ಇಟಲಿಯ ಟ್ಯಾಂಕರ್ ಎನ್ರಿಕಾ ಲೆಕ್ಸಿಯಲ್ಲಿ ಕಾವಲಿಗಿದ್ದ ನೌಕಾ ಸೈನಿಕರು ಸೇಂಟ್ ಆಂಟನಿ ಎಂಬ ಮೀನುಗಾರಿಕಾ ಬೋಟಿಗೆ ಗುಂಡು ಹಾರಿಸಿದರು. ಇಬ್ಬರು ಮೀನುಗಾರರು ಸತ್ತರು. ಕಡಲ್ಗಳ್ಳರು ಅಂದುಕೊಂಡೆವು ಅಂದರು. ಸಂಜೆಯ ಹೊತ್ತು, ಇನ್ನೂ ಬೆಳಕಿತ್ತು. ಕೇಸು ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತನಕ ಹೋಗಿ, ಹತ್ತು ಕೋಟಿ ರೂಪಾಯಿ ಪರಿಹಾರದೊಂದಿಗೆ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅದೇ 2012ರ ಜುಲೈ 16ರಂದು ದುಬೈ ಹತ್ತಿರ ಅಮೆರಿಕದ ನೌಕಾಪಡೆಯ ಹಡಗು ಮೀನುಗಾರಿಕಾ ಬೋಟೊಂದಕ್ಕೆ ಹೊಡೆಯಿತು. ಒಬ್ಬ ಭಾರತೀಯ ಮೀನುಗಾರ ಸತ್ತ, ಮೂವರಿಗೆ ಗಾಯ. ಎಚ್ಚರಿಕೆ ಕೊಟ್ಟೆವು, ಕೇಳಲಿಲ್ಲ ಅಂತ ಇವರು. ಯಾವ ಎಚ್ಚರಿಕೆಯೂ ಇರಲಿಲ್ಲ ಅಂತ ಬದುಕಿದವರು.

ಬೇರೆಯವರನ್ನು ದೂರಿ ನಮ್ಮದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. 2008ರ ನವೆಂಬರ್ 18ರಂದು ಏಡನ್ ಕೊಲ್ಲಿಯಲ್ಲಿ ನಮ್ಮ ಐಎನ್‌ಎಸ್ ತಬರ್ ಕಡಲ್ಗಳ್ಳರ ತಾಯಿಹಡಗನ್ನು ಮುಳುಗಿಸಿತು ಅಂತ ನಾವೆಲ್ಲ ಎದೆಯುಬ್ಬಿಸಿದ್ದು ನೆನಪಿದೆಯಾ? ಆಮೇಲೆ ಗೊತ್ತಾದದ್ದು, ಅದು ಕಳ್ಳರು ವಶಪಡಿಸಿಕೊಂಡಿದ್ದ ಥಾಯ್ ಮೀನುಗಾರಿಕಾ ಹಡಗು, ಒಳಗೆ ಅದರ ನಾವಿಕರೂ ಇದ್ದರು. ಒಬ್ಬ ಸತ್ತ, ಹದಿನಾಲ್ಕು ಮಂದಿ ಸಿಗಲೇ ಇಲ್ಲ, ಒಬ್ಬನೇ ಒಬ್ಬ ದಿನಗಟ್ಟಲೆ ತೇಲಿ ಬದುಕಿದ. ಹಡಗಿನಿಂದ ಮೊದಲು ಗುಂಡು ಬಂತು, ಆತ್ಮರಕ್ಷಣೆಗೆ ಹೊಡೆದೆವು ಅಂತ ನೌಕಾಪಡೆ ಹೇಳಿತು, ಕಳ್ಳರು ಅದರಲ್ಲಿದ್ದದ್ದೂ ಹೌದು. ಇದು ನನ್ನ ವಾದಕ್ಕೇ ಅಡ್ಡಬರುವ ಸಂಗತಿ, ಗೊತ್ತು: ಮೀನುಗಾರಿಕಾ ಬೋಟಿನಲ್ಲಿ ಕೆಲವೊಮ್ಮೆ ನಿಜವಾಗಿ ಕಳ್ಳರೇ ಇರುತ್ತಾರೆ. ಮುಂಬೈ ದಾಳಿಯವರು ಬಂದದ್ದೂ ಗುಜರಾತಿನ ಕುಬೇರ್ ಬೋಟನ್ನು ಹಿಡಿದು, ಅದರವರನ್ನು ಕೊಂದು. ಆದರೆ ರೇಡಾರು, ದುರ್ಬೀನು, ತರಬೇತಿ, ಮೇಲಧಿಕಾರಿಗಳು ಎಲ್ಲ ಇದ್ದ ಯುದ್ಧನೌಕೆಗೇ ಒಳಗೆ ಯಾರ್ಯಾರಿದ್ದಾರೆ ಅಂತ ತಿಳಿಯಲಿಲ್ಲ. ರಾತ್ರಿ ಎರಡು ಗಂಟೆಗೆ, ಮೂರು ದಿನ ಸರಿ ನಿದ್ದೆಯಿಲ್ಲದ ಅರವತ್ತೈದರ ಮನುಷ್ಯನಿಗೆ, ಅಲುಗುವ ಡೆಕ್ಕಿನ ಮೇಲೆ ನಿಂತು ತಿಳಿಯುತ್ತದೆಯೇ?

ವ್ಯಾಪಾರಿ ಹಡಗುಗಳಿಗೆ ಗನ್ ಹಿಡಿದ ಕಾವಲುಗಾರರು ಬಂದ ಮೇಲೆ ತಾನೇ ಸೊಮಾಲಿಯಾದ ಕಳ್ಳರ ಹಾವಳಿ ಇಳಿದದ್ದು ಅಂತ ಕೇಳ್ತೀರಿ. ಅದರ ಪಾಲು ಇದೆ, ಯುದ್ಧನೌಕೆಗಳ ಪಾಲೂ ಇದೆ. ಆದರೆ ಮೂರು ನಾಲ್ಕು ಅಂತಸ್ತು ಎತ್ತರದ ಡೆಕ್ಕಿನ ಮೇಲೆ, ಸರದಿಯಂತೆ ಕಾಯುವ ತರಬೇತಿಯ ತಂಡಕ್ಕೂ ನೀರಿನಿಂದ ಒಂದು ಗಜ ಎತ್ತರದಲ್ಲಿ ಕೂತ ದಂಪತಿಗೂ ಏನು ಹೋಲಿಕೆ? 2011ರ ಫೆಬ್ರವರಿಯಲ್ಲಿ ಮುಂಬೈಯಿಂದ ಒಮಾನಿಗೆ ಹೊರಟಿದ್ದ ಕ್ವೆಸ್ಟ್ ಎಂಬ ಹಾಯಿದೋಣಿಯನ್ನು ಸೊಮಾಲಿ ಕಳ್ಳರು ಹಿಡಿದರು. ದೋಣಿಯಲ್ಲಿ ನಾಲ್ವರು ಅಮೆರಿಕನ್ನರು, ಹತ್ತಿದ ಕಳ್ಳರು ಹತ್ತೊಂಬತ್ತು ಮಂದಿ ವರೆಗೆ. ವಿಮಾನವಾಹಕ ಎಂಟರ್‌ಪ್ರೈಸ್ ಸೇರಿ ಅಮೆರಿಕದ ನಾಲ್ಕು ಯುದ್ಧನೌಕೆಗಳು ಹಿಂದೆಯೇ ಇದ್ದವು. ಮಾತುಕತೆ ನಡೆಯುತ್ತಿರುವಾಗಲೇ ನಾಲ್ವರನ್ನೂ ಕೊಂದರು. ಅಂಥ ಗುಂಪಿನ ಎದುರು ಒಂದು ಶಾಟ್‌ಗನ್ ಏನು ಮಾಡುತ್ತಿತ್ತು? ಅದಕ್ಕೂ ಮುಂಚೆ, 2009ರ ಅಕ್ಟೋಬರಿನಲ್ಲಿ ಸೇಶೆಲ್ಸ್ ಹತ್ತಿರ ಹಿಡಿದೊಯ್ದ ಬ್ರಿಟಿಷ್ ದಂಪತಿ 388 ದಿನ ಸೆರೆಯಲ್ಲಿದ್ದು, ಹಣ ಕೊಟ್ಟ ಮೇಲೆ ಜೀವಂತ ಮರಳಿದರು. ಎರಡರಿಂದಲೂ ಸೂತ್ರ ತೆಗೆಯಲು ನಾನು ಹೋಗುವುದಿಲ್ಲ. 2011ರಲ್ಲಿ ದಾರಿ ಅಷ್ಟು ಕೆಟ್ಟದ್ದಾದಾಗ ಎಷ್ಟೋ ಮಂದಿ ತಮ್ಮ ದೋಣಿಯನ್ನೇ ಮಾಲ್ಡೀವ್ಸಿನಲ್ಲಿ ಸರಕು ಹಡಗಿಗೆ ಹೇರಿ ಟರ್ಕಿಗೆ ಕಳಿಸಿದರು, ಇನ್ನು ಕೆಲವರು ಆಫ್ರಿಕಾದ ತುದಿ ಸುತ್ತಿ ಹೋದರು. ನನಗೆ ಬುದ್ಧಿವಂತಿಕೆ ಅಂತ ಕಂಡದ್ದು ಅದು.

ನನ್ನ ಸಹೋದ್ಯೋಗಿಗೆ ಇದನ್ನೆಲ್ಲ ಉದ್ದಕ್ಕೆ ಬರೆದು ಕಳಿಸಿದೆ. ಗನ್ ಬೇಡ ಅಂದೆ. ರಾತ್ರಿ ಲಂಗರು ಹಾಕಿದಾಗ ಒಳಗಿನಿಂದ ಚಿಲಕ ಹಾಕಿ ಮಲಗಿ, ಔಟ್‌ಬೋರ್ಡನ್ನು ಮೇಲೆತ್ತಿ ಬೀಗ ಹಾಕಿ, ಕೆಟ್ಟ ದಾರಿಯಾದರೆ ಸುತ್ತುದಾರಿ ಹಿಡಿಯಿರಿ ಅಂದೆ. ಜೊತೆಗೆ ನನ್ನ ಸ್ವಾರ್ಥವನ್ನೂ ಮುಚ್ಚಿಡಲಿಲ್ಲ: ನಿಮ್ಮ ಕಡೆಗೆ ಬೋಟು ಓಡಿಸಿಕೊಂಡು ಬರುವವರಲ್ಲಿ ನಾನು ಅಣ್ಣ ಅಂತ ಕರೆಯುವವರೂ ಇರಬಹುದು.

ಎರಡು ದಿನ ಬಿಟ್ಟು ಉತ್ತರ ಬಂತು. ಒಪ್ಪಿದೆ ಅಂತ ಬರೆಯಲಿಲ್ಲ. "ನಿನ್ನ ಅಣ್ಣ ಮೀನು ಎತ್ತಿ ತೋರಿಸುವ ಮುಂಚೆ ನನಗೆ ಹೇಗೆ ಗೊತ್ತಾಗಬೇಕು? ಗೊತ್ತಾಗದೆ ಕೈಕಟ್ಟಿ ಕೂತು ಹೆಂಡತಿಗೆ ಏನಾದರೂ ಆದರೆ?" ಅಂತ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಅರ್ಧ ಉತ್ತರಕ್ಕೆ ತಾಂಡೇಲ ಅಣ್ಣನಿಗೆ ಫೋನು ಮಾಡಿದೆ. "ಬೈರಾಸನ್ನ ಒಂದೇ ಬದಿಗೆ ಬೀಸ್ತಾ ಇದ್ರೆ ಬಲೆ ಇತ್ತಂದ್ ಲೆಕ್ಕ, ಆ ಬದಿಗೆ ತಿರ್ಗಿ ಹೋಪುಕ್ ಹೇಳ್" ಅಂದರು. ಅದನ್ನು ಇಂಗ್ಲಿಷಿನಲ್ಲಿ ಬರೆದು, ಬೈರಾಸು ಅಂದರೆ ಏನೆಂದು ಫೋಟೋ ಅಂಟಿಸಿ ಕಳಿಸಿದ್ದೇನೆ.

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಕಡೆಯ ಬ್ಲಾಗಿಗರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮೂರಿನ ಬೋಟಿನವರು ಬಲೆ ಇದೆ ಅಂತ ತೋರಿಸಲು ಯಾವ ಸನ್ನೆ ಮಾಡುತ್ತಾರೆ ಅಂತ ಕೇಳಿ ಕೆಳಗೆ ಬರೆಯಿರಿ. ರಾತ್ರಿ ಟಾರ್ಚಿನಲ್ಲಿ ಹೇಗೆ ತೋರಿಸುತ್ತಾರೆ ಅನ್ನುವುದೂ ಬೇಕಿತ್ತು. ಅವರು ಹೊರಡಲು ಇನ್ನೂ ಸಮಯ ಇದೆ, ಬಂದದ್ದನ್ನೆಲ್ಲ ಸೇರಿಸಿ ಕಳಿಸ್ತೀನಿ.